ಮರಿ ಕಟ್ಟುವ ಗಂಟು

ಪುತಳಾಬಾಯಿಯ ಉಣ್ಣೆ ರಾಟೆಯನ್ನು ಸೊಸೆ ಹೊರಗೆ ಹಾಕಿಸಿದಳಂತೆ ಎಂಬ ಸುದ್ದಿ ಬೀದರಿನ ಚಿದ್ರಿಯ ಆ ಓಣಿಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಕೊನೆಯ ಮನೆ ಮುಟ್ಟಿತು. ಓಣಿಗೆ ಗೊತ್ತಿದ್ದದ್ದು ಅರ್ಧ. ಅರ್ಧ ಗೊತ್ತಿದ್ದವರ ಬಾಯಿಯೇ ಯಾವಾಗಲೂ ಜೋರು. "ಕಂಪ್ಯೂಟರ್ ಕಾಯ್ತದಂತ, ಅದಕ್ಕ ಅತ್ತಿನ್ನ ಬಿಸಲಾಗ ಕುಂದ್ರಿಸ್ಯಾಳ" ಎಂದು ನಳದ ಹತ್ತಿರ ಕೊಡ ಹಿಡಿದು ನಿಂತವರು ನಕ್ಕರು. ನಗಲಿ. ಆ ಮನೆಯೊಳಗೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಕಂಪ್ಯೂಟರ್ ಸೊಸೆ ರಾಧಿಕಾಳದು. ಆಟ ಆಡುವ ದೊಡ್ಡ ಕಂಪ್ಯೂಟರ್. ಕಬ್ಬಿಣದ ಕರಿ ಡಬ್ಬಿ, ಅದರ ಮುಂಭಾಗದಲ್ಲಿ ನೀಲಿ ಬೆಳಕಿನ ಎರಡು ಫ್ಯಾನು. ಭಾಲ್ಕಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವಳ ಅಣ್ಣ ಮಾಣಿಕ ತಂಗಿಗೆಂದು ಒಂದೊಂದೇ ಭಾಗ ಕೂಡಿಸಿ ಕೈಯಾರೆ ಜೋಡಿಸಿದ್ದ. ತವರೂರು ಸಾಯಗಾಂವದಲ್ಲಿ ಮದುವೆಯ ಮಾತು ನಡೆದಾಗ ರಾಧಿಕಾ ಹಿರಿಯರೆದುರೇ ಹೇಳಿದ್ದಳು: "ನಂಗ ಫ್ರಿಜ್ ಬ್ಯಾಡ, ಅಲಮಾರಿ ಬ್ಯಾಡ. ನನ್ನ ಕಂಪ್ಯೂಟರ್ ನನ್ನ ಜೋಡಿ ಬರ್ತದ. ನಾ ಆಟ ಬಿಡಂಗಿಲ್ಲ." ಎಲ್ಲರೂ ಗಂಡಿನ ಮುಖ ನೋಡಿದರು. ಗಂಡು ರವಿಕಿರಣ ನಕ್ಕು, "ಆಡಲಿ ಬಿಡ್ರಿ, ನಂದೇನ ತಕರಾರ ಇಲ್ಲ" ಎಂದ. ಅದಕ್ಕೂ ಮೊದಲು ಬಂದ ಇಬ್ಬರು ಗಂಡುಗಳು ಈ ಮಾತು ಕೇಳಿಯೇ ಚಪ್ಪಲಿ ಮೆಟ್ಟಿ ಹೋಗಿದ್ದರು. ಇವನು ಹಾಗಲ್ಲ ಎಂದೇ ರಾಧಿಕಾ ಒಪ್ಪಿದ್ದು.

ದೀಪಾವಳಿ ಮುಗಿದ ಮೇಲೆ ಮದುವೆಯಾಗಿ ಸಾಮಾನು ಟೆಂಪೋದಲ್ಲಿ ಬಂತು. ಹಗ್ಗ ಬಿಗಿದವನು ರವಿಕಿರಣ. ಇಳಿಸುವಾಗ ಮಾಣಿಕ ಆ ಗಂಟಿನ ಜೊತೆ ಗುದ್ದಾಡಿ, ಉಗುರು ಮುರಿದುಕೊಂಡು, ಚಾಕು ಕೇಳಿದ.

"ಏ ಏ, ಕೊಯ್ಯಬ್ಯಾಡೋ!" ಎಂದು ಪುತಳಾಬಾಯಿ ಓಡಿ ಬಂದಳು. "ಇದು ನಮ್ಮ ಎಕಂಬಾದ ಮನಿ ಗಂಟು. ಕುರಿಮರಿ ಕಟ್ಟೋದು. ಮರಿ ಎಷ್ಟ ಜಗ್ಗಿದ್ರೂ ಕುತ್ತಿಗಿ ಬಿಗ್ಯಂಗಿಲ್ಲ, ಗಂಟು ಬಿಚ್ಚಂಗೂ ಇಲ್ಲ. ಊರಾಗ ಒಂದೊಂದ ಮನಿದು ಒಂದೊಂದ ಥರ ಇರ್ತದ." ಹೇಳುತ್ತ ಬಲತುದಿ ಎಳೆದಳು, ಗಂಟು ಜಗ್ಗಲಿಲ್ಲ. ಆಮೇಲೆ ತಾನೇ ನಕ್ಕಳು. "ಮರ್ತೇ ಬಿಟ್ಟಿದ್ದೆ, ಈ ಎಡಚ ಕಟ್ಯಾನ." ಎಡತುದಿ ಎಳೆದಳು. ಹಗ್ಗ ಪುಸಕ್ಕನೆ ಸಡಿಲಾಯಿತು. ರವಿಕಿರಣನಿಗೆ ಊಟಕ್ಕೆ ಮಾತ್ರ ಬಲಗೈ, ಅದೂ ಅವ್ವ ಹೊಡೆದು ಕಲಿಸಿದ್ದು, ಉಳಿದದ್ದಕ್ಕೆಲ್ಲ ಎಡಗೈಯೇ. ರಾಧಿಕಾ ಆಗ ಒಳಗೆ ಎಲ್ಲರಿಗೂ ಚಾ ಸೋಸುತ್ತಿದ್ದಳು.

ಚಳಿಗಾಲ ಸುಖವಾಗಿ ಹೋಯಿತು. ರವಿಕಿರಣ ಔರಾದಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಮಾವ ದತ್ತಾತ್ರಿ ಬಸ್ ಓಡಿಸಿ ನಿವೃತ್ತನಾದವನು. ಈಗ ಮನೆಯನ್ನೂ ತಾನೇ ಓಡಿಸುತ್ತಿದ್ದೇನೆ ಎಂದು ತಿಳಿದಿದ್ದ. ಪುತಳಾಬಾಯಿಗೆ ಎಕಂಬಾದಿಂದ ಮೈದುನ ಕರಿ ಉಣ್ಣೆಯ ಮೂಟೆ ತಂದು ಹಾಕುತ್ತಿದ್ದ, ಇವಳು ಪಡಸಾಲೆಯಲ್ಲಿ ಕೂತು ಕಂಬಳಿಗೆ ನೂಲುತ್ತಿದ್ದಳು. ಅದೇ ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್. ರೊಟ್ಟಿ ಬಡಿದು, ಭಾಂಡೆ ತಿಕ್ಕಿ, ಬಟ್ಟೆ ಒಗೆದು ಮುಗಿಸಿ ರಾಧಿಕಾ ಬಂದೂಕಿನ ಆಟಕ್ಕೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿದರೆ ಪಕ್ಕದಲ್ಲಿ ಅತ್ತೆಯ ರಾಟೆ ಗುಂಯ್‌ಗುಡುತ್ತಿತ್ತು.

"ಗುಂಡ ಹಾಕಿದೇನು?" ಎಂದು ಪುತಳಾಬಾಯಿ ಕೇಳುವಳು.

"ಹಾಕ್ದೆರಿ ಅತ್ತಿ. ಸತ್ತ."

"ಸಾಯಲಿ ಬಿಡು. ಚಾ ಇಡು."

ಯುಗಾದಿಯ ಹೊತ್ತಿಗೆ ರಾಧಿಕಾಳನ್ನು ಐದು ಹುಡುಗಿಯರ ಒಂದು ತಂಡಕ್ಕೆ ಆರಿಸಿದರು. ನಾಯಕಿ ಆಯೆಶಾ ಬೀದರಿನವಳೇ. ಇಡೀ ರಾಜ್ಯದ ಹುಡುಗಿಯರ ಪಂದ್ಯ. ಭಾನುವಾರ ಮಧ್ಯಾಹ್ನ ಪ್ರತಿಯೊಬ್ಬಳೂ ತನ್ನ ಮನೆಯಿಂದಲೇ ಆಡಬೇಕು, ಆಡುವವಳ ಮುಖವೂ ಕಾಣುವ ಹಾಗೆ ಮೊಬೈಲಿನಲ್ಲಿ ನೇರ ಪ್ರಸಾರ. ಸಾಲೆಯಲ್ಲಿದ್ದಾಗಿನಿಂದ ಅಣ್ಣನ ಅಂಗಡಿಯ ಮೂಲೆಯಲ್ಲಿ ಕೂತು ಆಡಿದವಳಿಗೆ ಮೊದಲ ಸಲ ಯಾರೋ 'ನೀನು ಬೇಕು' ಅಂದಿದ್ದರು. ಆ ಸಂಜೆ ಅವಳು ಹೋಳಿಗೆ ಮಾಡಿದಳು. ರವಿಕಿರಣ ಎರಡು ತಿಂದು, "ಶಾಬಾಸ್" ಅಂದ.

ಮೊದಲ ಭಾನುವಾರ, ಪಂದ್ಯ ಬಿಗಿಯಾಗಿ ನಡೆದಿದ್ದಾಗ, ಪರದೆ ಕಪ್ಪಾಯಿತು. ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚುವಷ್ಟರಲ್ಲಿ ನಾಲ್ಕೇ ಮಂದಿ ಆಡಿ ತಂಡ ಸೋತಿತ್ತು.

ರಾಧಿಕಾ ಅಣ್ಣನಿಗೆ ಫೋನ್ ಹಚ್ಚಿದಳು. ಅವನು ಹೇಳಿದಂತೆ ಶಾಖ ತೋರಿಸುವ ತಂತ್ರಾಂಶ ಹಾಕಿ ಆಟ ತೆರೆದು ನೋಡಿದಳು. "ಎಪ್ಪತ್ತು, ಎಂಬತ್ತು... ಅಣ್ಣಾ, ತೊಂಬತ್ತೆಂಟ ಆಗಲತ್ತದ!"

"ಪ್ರೊಸೆಸರ್ ಕಾದು ತನ್ನ ಜೀವ ಉಳಿಸ್ಕೊಳ್ಳಾಕ ಬಂದ್ ಆಗಲತ್ತದ, ತಂಗಿ. ಅದರ ಮ್ಯಾಲ ಒಂದ ಫ್ಯಾನ್ ಅದ. ಡಬ್ಬಿ ಬಾಜೂಕಿನ ಬಾಗಲ ತಗದು, ಅದು ತಿರುಗಲತ್ತದೋ ಇಲ್ಲೋ ನೋಡು."

"ಇಂಜಿನ್ ಕಾಯ್ತಂದ್ರ ಬಾನೆಟ್ ತಗೀಬೇಕು" ಎಂದು ದತ್ತಾತ್ರಿ ಕೂತಲ್ಲಿಂದಲೇ ಕೂಗಿದ. "ಮೊದಲ ಬಾನೆಟ್ ತಗೀರಿ!"

"ಅಪ್ಪಾ, ಇದು ಬಸ್ಸಲ್ಲ. ನೀ ಸರಿ ರಾಧಿ, ಕರೆಂಟಿನ ಕೆಲಸ, ನಾ ನೋಡ್ತೇನಿ" ಎಂದು ರವಿಕಿರಣ ಎದ್ದು ಸ್ಕ್ರೂಡ್ರೈವರ್ ತಂದ. "ಒಂದ ಕಪ್ ಚಾ ಮಾಡಿಕೊಂಡ ಬಾ." ಅವಳು ಚಾ ತರುವಷ್ಟರಲ್ಲಿ ಬಾಗಿಲು ಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದ. ಫೋನು ತಾನೇ ತೆಗೆದುಕೊಂಡು ಮಾಣಿಕನಿಗೆ ಹೇಳಿದ: "ಫ್ಯಾನ್ ಬರೋಬ್ಬರಿ ತಿರುಗಲತ್ತದ ಭಾವಾ, ಕಣ್ಣಾರೆ ನೋಡೀನಿ. ಒಳಗ ಬರೇ ಧೂಳು." ಆಮೇಲೆ ಅಂಗೈ ಬಿಚ್ಚಿ ಹೆಂಡತಿಗೆ ತೋರಿಸಿದ. ಕರಿ ಉಣ್ಣೆಯ ಎಳೆ, ಸುತ್ತಿ ಗೋಲಿಯಷ್ಟಾಗಿತ್ತು. "ಅವ್ವನ ಉಣ್ಣಿ. ನಾ ಏನ್ ಹೇಳ್ಲಿ? ಅಕಿಗೆ ಹೇಳಾಕ ನನಗ ಬಾಯಿ ಬರಂಗಿಲ್ಲ."

ಅವನಿಗೆ ಬಾರದ ಬಾಯಿ ರಾಧಿಕಾಳಿಗೆ ಬಂತು. ಮರುದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಅತ್ತಿ, ನಿಮ್ಮ ಉಣ್ಣಿ ಹಾರಿ ನನ್ನ ಕಂಪ್ಯೂಟರಿನಾಗ ಹೋಗಲತ್ತದರಿ. ರಾಟಿ ಜರಾ ಬ್ಯಾರೆ ಕಡಿ ಇಟ್ಕೊಂಡ್ರ..."

"ಬ್ಯಾರೆ ಕಡಿ ಅಂದ್ರ ಎಲ್ಲಿ? ನಿನ್ನ ತಲಿ ಮ್ಯಾಲ?"

"ಹೊರಗ ತಗಡಿನ ಕೆಳಗ ಜಾಗಾ ಅದ ಅಲ್ಲರಿ."

"ವೈಶಾಖದಾಗ ತಗಡಿನ ಬುಡಕ ಕುಂದರಬೇಕು ನಾ? ಚಳಿಗಾಲದಾಗೂ ಇದೇ ಉಣ್ಣಿ ಹಾರಿತ್ತಲ್ಲ, ಆಗ ಯಾಕ ಕಾಯಲಿಲ್ಲ ನಿಂದು? ಎಮ್ಮಿಗಿ ಜ್ವರ ಬಂದ್ರ ಎತ್ತಿಗಿ ಬರಿ ಹಾಕಿದ್ರಂತ!"

ಸರಿಯಾದ ಪ್ರಶ್ನೆ ಅದು. ಆದರೆ ಸಿಟ್ಟಿನಲ್ಲಿ ಕೇಳಿದ ಸರಿಯಾದ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ? ರಾಧಿಕಾ ಹಿಟ್ಟಿನ ಕೈಯಲ್ಲೇ ತಿರುಗಿ ಇನ್ನೊಂದು ಮಾತು ಕೊಟ್ಟಳು. ಪುತಳಾಬಾಯಿ ಎರಡು ಕೊಟ್ಟಳು. ಕೊನೆಗೆ ರಾಟೆ ಎತ್ತಿಕೊಂಡು ತಾನೇ ಹೊರಗೆ ಹೋಗಿ ತಗಡಿನ ಕೆಳಗೆ ಧೊಪ್ಪನೆ ಇಟ್ಟಳು. ಅಂದಿನಿಂದ ಊಟವೂ ಅಲ್ಲೇ. ತಾಟನ್ನು ಹೊಸ್ತಿಲಿನಲ್ಲಿ ಇಟ್ಟರೆ ಎಳೆದುಕೊಂಡು ತಿನ್ನುವಳು, ತೊಳೆದು ಹೊಸ್ತಿಲಿನಲ್ಲೇ ಬೋರಲು ಹಾಕುವಳು. ಒಲೆಯ ಮುಂದೆ ಬರುವುದನ್ನೂ ಬಿಟ್ಟಳು. ಇಬ್ಬರ ಕೆಲಸವೂ ರಾಧಿಕಾಳ ಮೇಲೆ ಬಿತ್ತು.

ರವಿಕಿರಣ ಸಂಜೆ ಬಂದು ಎರಡೂ ಕಡೆ ಸಮಾಧಾನ ಹೇಳುತ್ತಿದ್ದ. ಒಳಗೆ, "ಅವ್ವಗ ವಯಸ್ಸಾಗ್ಯಾದ, ಮನಸಿಗಿ ಹಚ್ಕೋಬ್ಯಾಡ." ಹೊರಗೆ, "ಅವಳದು ಚಿಕ್ಕ ಬುದ್ಧಿ, ಬಿಡವ್ವ." ಎಷ್ಟು ಒಳ್ಳೆಯ ಮಗ, ಎಷ್ಟು ಒಳ್ಳೆಯ ಗಂಡ ಎಂದು ನೆರೆಯವರು ತಮ್ಮ ಮನೆಯ ಗಂಡಸರಿಗೆ ಉದಾಹರಣೆ ಕೊಡತೊಡಗಿದರು.

ಉಣ್ಣೆ ಹೊರಗೆ ಹೋಯಿತು. ಎರಡನೆಯ ಭಾನುವಾರ ಕಂಪ್ಯೂಟರ್ ಮತ್ತೆ ಆರಿತು.

"ಈಗೇನಂತೀ?" ತಗಡಿನ ಕೆಳಗಿನಿಂದ ಪುತಳಾಬಾಯಿ ಕೂಗಿದಳು. "ಈಗೂ ನನ್ನ ಉಣ್ಣಿ ಹಾರಿ ಬಂತೇನು, ಗ್ವಾಡಿ ದಾಟಿ? ಕುಣೀಲಿಕ್ಕೆ ಬರ್ದಾಕಿ ನೆಲಾ ಡೊಂಕ ಅಂದಿದ್ಲಂತ. ನಿಮ್ಮಣ್ಣ ಹಳೀ ಮಾಲಿಗಿ ಬಣ್ಣ ಬಡದು ಕಳಸ್ಯಾನ. ಮೊದಲ ಅದನ್ನ ಹೇಳು!"

"ನಮ್ಮ ಅಣ್ಣನ ಸುದ್ದಿಗಿ ಬರಬ್ಯಾಡ್ರಿ ಅತ್ತಿ!"

"ಯಾಕ ಬರಬಾರ್ದು? ಭಾಲ್ಕಿಯಾಗ ಚಲೋ ನಡೀತಿದ್ದದ್ದು ಇಲ್ಲಿ ಬಂದ ಮ್ಯಾಲ ಹ್ಯಾಂಗ ಕೆಡ್ತು? ನಮ್ಮ ಮನಿ ನೀರ ಕೆಟ್ಟಾವೇನು?"

ರವಿಕಿರಣ ತಲೆ ಕೆರೆದುಕೊಂಡು, ಬಹಳ ಯೋಚಿಸಿದವನಂತೆ, "ಕೂಲರ್ ಹಚ್ಚಿದಾಗ ಕರೆಂಟ್ ಇಳೀತದ. ಅದಕ್ಕ ಇರಬಹುದು. ಅಕಿ ಆಡೋವಾಗ ಕೂಲರ್ ಬಂದ್ ಇಟ್ಟು ನೋಡಾಣ" ಎಂದ. ಮಧ್ಯಾಹ್ನ ಕೂಲರಿನ ಮುಂದೆ ಬನಿಯನ್ನಿನಲ್ಲಿ ಮಲಗುವುದೊಂದೇ ದತ್ತಾತ್ರಿಯ ಉಳಿದ ಸುಖ. ರಾಧಿಕಾ ಆಡಿ ನೋಡುವ ಪ್ರತಿ ಮಧ್ಯಾಹ್ನ ಅದೂ ಹೋಯಿತು. ಬೆವರು ಒರೆಸಿಕೊಳ್ಳುತ್ತ ಅವನೂ ಸೊಸೆಯ ಮೇಲೆ ಹರಿಹಾಯ್ದ.

"ಮನ್ಯಾಗ ಮನಷ್ಯಾರ ಇದ್ದಾರೋ ಇಲ್ಲೋ? ಒಂದ ಡಬ್ಬಿ ತಂಪ ಇರಲೆಂತ ನಾವೆಲ್ಲಾ ಕುದೀಬೇಕೇನು? ಬಾನೆಟ್ ತಗೀರಿ ಅಂದ್ರ ನನ್ನ ಮಾತ ಕಿವ್ಯಾಗ ಹಾಕ್ಕೊಳ್ಳೋರ ಯಾರು!"

ಹೀಗೆ ಉಣ್ಣೆಯಿಂದ ಅತ್ತೆ ಹೋದಳು, ಕೂಲರಿನಿಂದ ಮಾವ ಹೋದ, ಮಾಲಿನ ಮಾತಿನಿಂದ ತವರು ಹೋಯಿತು. ಬೈಗಳು ತಿಂದು ತಿಂದು ಮಾಣಿಕನೂ ಫೋನಿನಲ್ಲಿ ಸಿಡುಕತೊಡಗಿದ. ಆದರೂ ತಂಗಿ. ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಹಚ್ಚುವ ಪೇಸ್ಟು ಒಣಗಿರಬಹುದು ಎಂದು ಹೊಸ ಟ್ಯೂಬು ಕೊಂಡು ಭಾಲ್ಕಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ರವಿಕಿರಣ ಅದನ್ನು ಬಸ್ ಸ್ಟ್ಯಾಂಡಿನಿಂದ ತಂದು, ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಹಚ್ಚಿದನಂತೆ. "ಹಚ್ಚೀನಿ. ಇನ್ನ ಫಿಕರ್ ಮಾಡಬ್ಯಾಡ" ಅಂದ.

ಮೂರನೆಯ ಭಾನುವಾರವೂ ಆರಿತು.

ಸೋಮವಾರ ಆಯೆಶಾ ಫೋನ್ ಮಾಡಿದಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ರಾಧಿಕಾ, ಮುಂದಿನ ಸಂಡೇ ಒಂದೇ ಉಳಿದದ. ಬದಲಿ ಹುಡುಗಿ ತಯಾರ ಇದ್ದಾಳ. ಶನಿವಾರದೊಳಗ ನಿನ್ನ ಮಷೀನ್ ಸರಿ ಆಯ್ತು ಅಂತ ತೋರ್ಸು. ಇಲ್ಲಾಂದ್ರ ನಿನ್ನ ಹೆಸರ ತಗೀತೇನಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ಅಂದು ಸಂಜೆ ರಾಧಿಕಾ ಮಾಡಿದ ಅನ್ನ ತಳ ಹಿಡಿಯಿತು. ಯಾರೂ ಏನೂ ಅನ್ನುವ ಮೊದಲೇ ಅತ್ತಳು. ರವಿಕಿರಣ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಹೇಳಿದ: "ಬಿಡು ರಾಧಿ. ನೀ ಮಾಡೋದೆಲ್ಲಾ ಮಾಡಿದಿ, ನಾ ಮಾಡೋದೆಲ್ಲಾ ನಾ ಮಾಡೀನಿ. ನಸೀಬನ್ಯಾಗ ಇಲ್ಲ. ಇದನ್ನ ಮಾರಿ ಒಂದ ವಾಷಿಂಗ್ ಮಷೀನ್ ತರಾಣ. ನಿನ್ನ ಕೈಗೂ ಆರಾಮ ಆಗ್ತದ." ಅಷ್ಟು ಪ್ರೀತಿಯಿಂದ ಹೇಳಿದ. ದಣಿದಿದ್ದಳು, ಹೂಂ ಎಂದು ತಲೆಯಾಡಿಸಿದಳು. ಅವನು ಸಮಾಧಾನದಿಂದ ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಮರುದಿನ ಅವನಿಗೆ ರಜೆ ಇತ್ತು. ಊಟ ಮುಗಿಸಿ, ಎಕಂಬಾಕ್ಕೆ ಕಾಕಾನ ಹತ್ತಿರ ಹೋಗಿ ಬರುತ್ತೇನೆಂದು ಗೆಳೆಯನ ಗಾಡಿ ಹತ್ತಿದ. ಹಿಂದಿನ ದಿನದ ಊಟದ ಡಬ್ಬಿ ತೊಳೆಯಲೆಂದು ರಾಧಿಕಾ ಅವನ ಕಚೇರಿಯ ಚೀಲಕ್ಕೆ ಕೈ ಹಾಕಿದಳು. ಡಬ್ಬಿಯ ಕೆಳಗೆ ಮಾಣಿಕ ಕಳಿಸಿದ್ದ ಪೇಸ್ಟಿನ ಟ್ಯೂಬು. ಪ್ಯಾಕೆಟ್ಟು ಹರಿದಿರಲಿಲ್ಲ. ಪಕ್ಕದಲ್ಲೇ ಮನೆಯ ಸ್ಕ್ರೂಡ್ರೈವರ್.

'ಹಚ್ಚೀನಿ' ಅಂದಿದ್ದನಲ್ಲ? ಅವಳಿಗೆ ಮೈಯೆಲ್ಲ ಉರಿಯಿತು. ಬಾಗಿಲನ್ನೇ ತೆಗೆದಿಲ್ಲ ಈ ಸೋಮಾರಿ, ಸುಮ್ಮನೆ ಬಾಯಿ ಮಾತು ಹೇಳಿದ್ದಾನೆ ಎಂದುಕೊಂಡಳು. ಕಂಪ್ಯೂಟರನ್ನು ನೆಲಕ್ಕೆ ಇಳಿಸಿ, ಹೊರಗಿನ ವೈರುಗಳನ್ನೆಲ್ಲ ಕಿತ್ತು, ಮದುವೆಯಾದ ಮೇಲೆ ಮೊದಲ ಸಲ ತನ್ನ ಕೈಯಿಂದ ಅದರ ಪಕ್ಕದ ಬಾಗಿಲು ಬಿಚ್ಚಿದಳು.

ಮುಂದಿನ ಎರಡು ಫ್ಯಾನುಗಳಿಗೆ ವೈರು ಇತ್ತು. ಪ್ರೊಸೆಸರಿನ ಮೇಲಿನ ಫ್ಯಾನಿನ ವೈರು ಮಾತ್ರ ಅದರ ಜಾಗದಲ್ಲಿ ಇರಲಿಲ್ಲ. ಅದನ್ನು ಕಿತ್ತು, ಮಡಚಿ, ಎಲ್ಲೂ ತಾಗದ ಹಾಗೆ ಒಂದು ಮೂಲೆಗೆ ಒಪ್ಪವಾಗಿ ಕಟ್ಟಿಟ್ಟಿದ್ದರು. ಕಟ್ಟಿದ್ದು ಕರಿ ಉಣ್ಣೆಯ ನೂಲಿನಿಂದ. ಮುಂದಿನ ಫ್ಯಾನುಗಳ ಸದ್ದಿನಲ್ಲಿ ಇದೊಂದು ಸುಮ್ಮನಿದ್ದದ್ದು ಕಿವಿಗೆ ತಿಳಿದಿರಲಿಲ್ಲ.

ರಾಧಿಕಾ ತಗಡಿನ ಕೆಳಗೆ ಹೋದ ರಭಸಕ್ಕೆ ಉಣ್ಣೆಯ ಬುಟ್ಟಿ ಉರುಳಿತು.

"ಏಳ್ರಿ ಅತ್ತಿ! ಒಳಗ ಬಂದು ನಿಮ್ಮ ಕೆಲಸ ನೀವೇ ನೋಡ್ರಿ. ನನ್ನ ಮ್ಯಾಲ ಸಿಟ್ಟಿದ್ರ ನನಗ ಹೊಡೀಬೇಕಿತ್ತು. ಹಿಂಗ ಕದ್ದ ಕುತ್ತಿಗಿ ಕೊಯ್ತಾರೇನು?"

"ಏನ್ ಬೊಗಳಲತ್ತಿ?" ಪುತಳಾಬಾಯಿ ರಾಟೆ ದೂಡಿ ಎದ್ದಳು. ಒದ್ದೆ ಮಾಡಿ ನೆತ್ತಿಗೆ ಹಾಕಿಕೊಂಡ ಸೆರಗು ಜಾರಿತು. "ನಾ ಆ ಡಬ್ಬಿ ಮುಟ್ಟೀನೇನು? ಅದರ ಬಾಗಲಾ ಯಾ ಕಡಿ ಅದ ಅಂತ ಸುದ್ದ ನಂಗ ಗೊತ್ತಿಲ್ಲ."

"ಮತ್ತ ಈ ಉಣ್ಣಿ ಯಾರ್ದು? ಈ ಮನ್ಯಾಗ ಉಣ್ಣಿ ನೂಲೋರ ಎಷ್ಟ ಮಂದಿ ಇದ್ದಾರ?"

ಪುತಳಾಬಾಯಿ ಸರಸರನೆ ಒಳಗೆ ಬಂದಳು. ಸೊಸೆಯ ಮುಖಕ್ಕೆ ಎರಡು ಮಾತು ರಾಚಬೇಕೆಂದೇ ಬಂದವಳು ಬಗ್ಗಿ ನೋಡಿದಳು. ಕಣ್ಣಿಗೆ ಚಾಳೀಸು ಹಾಕಿಕೊಂಡು ಮತ್ತೊಮ್ಮೆ ನೋಡಿದಳು. ನೂಲು ಅವಳದೇ. ಎರಡು ಸುತ್ತು, ತುದಿ ಒಳಗೆ, ಬಾಲ ಎಡಕ್ಕೆ. ನೆಲದ ಮೇಲೆ ಕೂತುಬಿಟ್ಟಳು.

ರಾಧಿಕಾ ಗಂಟಿಗೆ ಕೈ ಹಾಕಿದಳು.

"ಬಿಚ್ಚಬ್ಯಾಡ."

"ಯಾಕ ಬಿಚ್ಚಬಾರ್ದು?"

"ಬಿಚ್ಚಬ್ಯಾಡ ಅಂದ್ನಲ್ಲ!" ಪುತಳಾಬಾಯಿ ಚೀರಿದಳು. "ಹಂಗೇ ಇರ್ಲಿ. ಅಂವ ಬರ್ಲಿ."

ಯಾರು ಎಂದು ರಾಧಿಕಾ ಕೇಳಲಿಲ್ಲ. ಅಣ್ಣನಿಗೆ ವಿಡಿಯೋ ಕರೆ ಮಾಡಿ ತೋರಿಸಿದಳು. ಮಾಣಿಕ ನೋಡಿ ಹೇಳಿದ: "ಈ ಫ್ಯಾನ್ ಇಲ್ಲಾಂದ್ರ ಕಂಪ್ಯೂಟರ್ ಚಾಲೂ ಆಗೋವಾಗೇ ಎಚ್ಚರಿಕಿ ಕೊಡ್ತದ ತಂಗಿ. ನಿನಗ ಒಂದ ದಿನಾನೂ ಬಂದಿಲ್ಲ ಅಂದ್ರ ಯಾರೋ ಸೆಟ್ಟಿಂಗಿನ್ಯಾಗ ಹೋಗಿ ಅದನ್ನೂ ಬಂದ್ ಮಾಡ್ಯಾರ. ಅದು ನಿಮ್ಮ ಅತ್ತಿ ಕೆಲಸ ಅಲ್ಲ."

ಪುತಳಾಬಾಯಿ ಎಷ್ಟೋ ದಿನಗಳ ಮೇಲೆ ಅಡಿಗೆಮನೆಗೆ ಹೋಗಿ ಹಿಟ್ಟು ನಾದುವ ಕೊಮ್ಮಣಿಗೆ ಎಳೆದುಕೊಂಡು ರೊಟ್ಟಿ ಬಡಿಯಲು ಕೂತಳು. ಆ ಬಡಿತ ಮೂರು ಮನೆ ಆಚೆ ಕೇಳುತ್ತಿತ್ತು.

ರವಿಕಿರಣ ದೀಪ ಹಚ್ಚುವ ಹೊತ್ತಿಗೆ ಬಂದ. ಕೈಕಾಲು ತೊಳೆದು ಅಪ್ಪನ ಪಕ್ಕ ಊಟಕ್ಕೆ ಕೂತ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಡಿಸಿದವಳು ಅವ್ವ. ಎದುರಿಗೆ, ತಾಟುಗಳ ನಡುವೆ, ಬಾಗಿಲು ತೆಗೆದ ಕಂಪ್ಯೂಟರ್.

"ಇದನ್ನ ಯಾರ ತಗದ್ರು?" ಎಂದು ಕೇಳಿದ.

"ನಾ ತಗದೀನ್ರಿ" ಎಂದಳು ರಾಧಿಕಾ.

"ನನಗ ಹೇಳಬಾರ್ದೇನು? ಕೈಗಿ ಕರೆಂಟ್ ಹೊಡದಿದ್ರ?"

"ಹೊಡೀಲಿಲ್ಲ" ಎಂದಳು ಪುತಳಾಬಾಯಿ. "ಆ ಫ್ಯಾನಿನ ವಾಯರಿಗಿ ಗಂಟ ಯಾರ ಹಾಕ್ಯಾರ, ನೋಡಿ ಹೇಳು."

ರವಿಕಿರಣ ನೋಡಿದ. ತುತ್ತು ಬಾಯಲ್ಲೇ ಉಳಿಯಿತು. ನುಂಗಿ, ನೀರು ಕುಡಿದು, "ಮಾಣಿಕ ಹಾಕಿರಬೇಕು. ಕಟ್ಟಿದಾಂವ ಅಂವ ಅಲ್ಲ?" ಎಂದ.

"ನೋಡು!" ದತ್ತಾತ್ರಿ ತೊಡೆ ತಟ್ಟಿದ. "ನಿಮ್ಮವ್ವ ಅಂದಿದ್ದು ಖರೇ ಆತು. ಭಾಲ್ಕಿಯವರ..."

"ನೀವು ಜರಾ ಸುಮ್ಮ ಕುಂದರ್ರಿ!" ಪುತಳಾಬಾಯಿ ಗಂಡನ ಮಾತು ಕತ್ತರಿಸಿದಳು. "ಮಾಣಿಕಗ ನನ್ನ ರಾಟಿ ನೂಲ ಎಲ್ಲಿಂದ ಬಂತು? ಈ ಗಂಟ ಬಿಚ್ಚಾಕ ಬರ್ದೇ ಚಾಕು ಕೇಳ್ದಾಂವ ಇದನ್ನ ಹಾಕೋದ ಯಾವಾಗ ಕಲ್ತ? ಇರ್ಲಿ. ನೀವೂ ಎಕಂಬಾದವರೇ ಅಲ್ಲ? ಬಿಚ್ಚ್ರಿ ಅದನ್ನ."

ದತ್ತಾತ್ರಿ ಎಂಜಲು ಕೈ ಒರೆಸಿಕೊಂಡು ಬಗ್ಗಿದ. ಹುಟ್ಟಿದಾಗಿನಿಂದ ಗೊತ್ತಿದ್ದ ಗಂಟು. ರೂಢಿಯಂತೆ ಬಲತುದಿ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಅಲ್ಲಿಗೆ ಅವನ ಕೈ ನಿಂತಿತು. ನಿಧಾನವಾಗಿ ತಲೆ ಎತ್ತಿ ಮಗನ ಎಡಗೈ ನೋಡಿದ. ಆ ಕೈ ಮೆಲ್ಲಗೆ ತಾಟಿನ ಹಿಂದೆ ಸರಿಯಿತು.

"ಈ ಮನ್ಯಾಗ ಎಡಗೈಲೆ ಗಂಟ ಹಾಕಾಂವ ಒಬ್ಬನೇ ಇದ್ದಾನ" ಎಂದಳು ಪುತಳಾಬಾಯಿ. "ಈ ಗಂಟ ನಿನಗ ನಾ ಕಲಿಸೀನಿ. ಹಾಲ ಕುಡಿಯೋ ಮರಿ ತ್ವಾಳನ ಬಾಯಿಗಿ ಬೀಳಬಾರ್ದಂತ ಕಲಿಸೀನಿ. ನೀ ಅದನ್ನ ಕಟ್ಟಿಕೊಂಡ ಹೆಂಡ್ತಿಗಿ ಹಾಕಿದಿ. ನನ್ನ ನೂಲಿಲೇ ಹಾಕಿದಿ. ಮತ್ತ ಅಂಗೈಯಾಗ ನನ್ನ ಉಣ್ಣಿ ಹಿಡದು ತೋರ್ಸಿ ನನ್ನ ತಗಡಿನ ಬುಡಕ ಕುಂದ್ರಿಸಿದಿ! ಅವ್ವಾ ಅಲ್ಲಿ ಬೇಯಲತ್ತಾಳ ಅಂತ ನಿನಗ ತುತ್ತ ಹ್ಯಾಂಗ ಇಳೀತಿತ್ತೋ?"

"ಅವ್ವಾ, ಮೆಲ್ಲಕ. ಮಂದಿ ಕೇಳ್ತಾರ."

"ಕೇಳಲಿ!"

"ಯಾಕ್ರಿ?" ಎಂದಳು ರಾಧಿಕಾ. ಅಷ್ಟೇ ಅಂದಳು.

ರವಿಕಿರಣ ತಾಟು ನೋಡುತ್ತ ಹೇಳಿದ. "ಔರಾದಿನಾಗ ಮಂದಿ ನಗ್ತಾರ. ನಿನ್ನ ಆರಿಸ್ಯಾರಂತ ಗೊತ್ತಾದ ದಿನದಿಂದ ನಿನ್ನ ಹಳೀ ಆಟದ ವಿಡಿಯೋ ತಗದು, ನನ್ನ ಹೆಂಡ್ತಿ ಮಾರಿ ನನಗೇ ತೋರ್ಸ್ತಾರ. 'ಮನ್ಯಾಗ ಬಂದೂಕ ಯಾರ ಕೈಯಾಗ ಅದ ರವಿ?' ಅಂತಾರ. ನಾ ಎಷ್ಟ ದಿನ ನಗೂದು?"

"ಹಂಗಿದ್ರ ನನಗ ಬ್ಯಾಡ ಅನ್ಬೇಕಿತ್ತು."

"ಹ್ಯಾಂಗ ಅನ್ಲಿ? ಸಾಯಗಾಂವದಾಗ ಹಿರೇರ ಮುಂದ ಮಾತ ಕೊಟ್ಟೀನಿ. ಮಾತ ಮುರದಾಂವ ಅನಿಸ್ಕೋಬೇಕೇನು?"

ಇದು ಅವನ ನ್ಯಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊಟ್ಟ ಮಾತು ಹಾಗೇ ಇರಬೇಕು, ಹೆಂಡತಿಯ ಆಟ ನಿಲ್ಲಬೇಕು, ನಿಲ್ಲಿಸಿದ ಕೆಟ್ಟ ಹೆಸರು ಮಾತ್ರ ಯಂತ್ರಕ್ಕೆ ಬರಬೇಕು. ಇಂಥವರನ್ನು ಜನ ಒಳ್ಳೆಯವನು ಅನ್ನುತ್ತಾರೆ.

ರಾಧಿಕಾ ಎದ್ದು ನಿಂತಳು. "ನೀವು ಬ್ಯಾಡ ಅಂದಿದ್ರ ನಾ ನಿಮ್ಮ ಜೋಡಿ ಜಗಳ ಆಡ್ತಿದ್ದೆ. ಸೋಲ್ತಿದ್ನೋ ಗೆಲ್ತಿದ್ನೋ, ನಿಮ್ಮ ಜೋಡಿ ಆಡ್ತಿದ್ದೆ. ನೀವು ನನ್ನ ಅತ್ತಿ ಮ್ಯಾಲ ಬಿಟ್ರಿ, ಮಾವಾರ ಮ್ಯಾಲ ಬಿಟ್ರಿ. ನಮ್ಮ ಅಣ್ಣ ಹೊಟ್ಟಿ ಕಟ್ಟಿ ಜೋಡಿಸಿದ್ದನ್ನ ಹಳೀ ಮಾಲ ಅನಿಸಿದ್ರಿ. ನಾ ಅಳೋವಾಗ ಬಾಜೂಕ ಕುಂತು ನಸೀಬ ಅಂದ್ರಿ. ಆ ಮಾತ ಆಡೋವಾಗ ನಿಮಗ ಏನೂ ಅನಿಸಲಿಲ್ಲೇನ್ರಿ?"

ದತ್ತಾತ್ರಿ ಊಟ ಬಿಟ್ಟು ಎದ್ದ. "ಮೊದಲ ದಿನ ಅಂದಿದ್ದೆ ಬಾನೆಟ್ ತಗೀರಿ ಅಂತ! ಓಡೋ ಗಾಡಿ ವಾಯರ್ ಕಿತ್ತು, ಮ್ಯಾಲ ತಾನೇ ದಾರಿ ತೋರ್ಸ್ತಾನ ಮಗಾ!" ಎಂದು ಗುಡುಗುತ್ತ ಕೈ ತೊಳೆದು ಬಂದ. ಬಂದವನು ಹೊರಗೆ ಹೋಗಿ ರಾಟೆ ಎತ್ತಿ ತಂದು ಪಡಸಾಲೆಯಲ್ಲಿ, ಅದರ ಹಳೆಯ ಜಾಗದಲ್ಲಿ ಇಟ್ಟ. ಮಗನಿಗೆ ತಗಡಿನ ಕಡೆ ಬೆರಳು ತೋರಿಸಿದ. "ನಿನ್ನ ತಾಟ ತಗೊಂಡು ನೀ ನಡಿ ಅಲ್ಲಿಗಿ."

ರವಿಕಿರಣ ಅವ್ವನ ಮುಖ ನೋಡಿದ. ಯಾವ ಬೈಗಳಿನ ನಂತರವೂ ಅವಳು 'ಇರ್ಲಿ ಬಿಡ್ರಿ' ಅನ್ನುತ್ತಿದ್ದಳು. ಈ ಸಲ ಅನ್ನಲಿಲ್ಲ. ತಾಟು ಎತ್ತಿಕೊಂಡು ಹೋದ.

"ಎಡತುದಿ ಜಗ್ಗು" ಎಂದಳು ಪುತಳಾಬಾಯಿ ಸೊಸೆಗೆ. ರಾಧಿಕಾ ಎಳೆದಳು. ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಅಣ್ಣ ಫೋನಿನಲ್ಲಿ ತೋರಿಸಿದ ಜಾಗಕ್ಕೆ ವೈರು ಸಿಕ್ಕಿಸಿದಳು, ಬಂದ್ ಮಾಡಿಟ್ಟಿದ್ದ ಎಚ್ಚರಿಕೆಯನ್ನು ಮತ್ತೆ ಚಾಲೂ ಮಾಡಿದಳು. ಫ್ಯಾನು ತಿರುಗಿತು. ಆಟ ತೆರೆದು ಬಹಳ ಹೊತ್ತು ಬಿಟ್ಟು ನೋಡಿದರೂ ಶಾಖ ಅರವತ್ತೆರಡು ದಾಟಲಿಲ್ಲ. ಅದರ ಫೋಟೋ ತೆಗೆದು ಆಯೆಶಾಳಿಗೆ ಕಳಿಸಿದಳು.

ಭಾನುವಾರ ಕೂಲರ್ ಹಚ್ಚಿಯೇ ಆಡಿದಳು. ದತ್ತಾತ್ರಿ ಬನಿಯನ್ನಿನಲ್ಲಿ ಮಲಗಿದ್ದ. ಉಣ್ಣೆ ಹಾರುತ್ತಿತ್ತು, ರಾಟೆ ಗುಂಯ್‌ಗುಡುತ್ತಿತ್ತು. ಅತ್ತೆ ಸೊಸೆ ಒಬ್ಬರಿಗೊಬ್ಬರು ತಪ್ಪಾಯಿತು ಅಂದಿರಲಿಲ್ಲ. ಆಡಿದ ಮಾತುಗಳು ಇಬ್ಬರಿಗೂ ಇನ್ನೂ ಚುಚ್ಚುತ್ತಿದ್ದವು. ಆದರೂ ನಡುವೆ ಒಮ್ಮೆ ಪುತಳಾಬಾಯಿ, "ಗುಂಡ ಹಾಕಿದೇನು?" ಎಂದಳು.

"ಹಾಕ್ದೆರಿ."

ಆ ಪಂದ್ಯ ಗೆದ್ದರು. ಆದರೆ ಹಿಂದಿನ ಮೂರು ಸೋಲು ಸೋಲೇ. ಮುಂದಿನ ಸುತ್ತಿಗೆ ಬೇರೆ ತಂಡ ಹೋಯಿತು. ಆಯೆಶಾ ಅವಳ ಹೆಸರು ತೆಗೆಯಲಿಲ್ಲ, ಬರುವ ವರ್ಷ ನೋಡೋಣ ಅಂದಳು. ಬರುವ ವರ್ಷ! ರಾಧಿಕಾ ಹೆಡ್‌ಫೋನ್ ತೆಗೆದಿಟ್ಟು ಭಾಂಡೆ ತಿಕ್ಕಲು ಹೋದಳು, ಒಂದು ಸ್ಟೀಲಿನ ಡಬ್ಬಿ ನಗ್ಗುವಷ್ಟು ತಿಕ್ಕಿದಳು.

ಕಂಪ್ಯೂಟರಿನ ಪಕ್ಕದ ಬಾಗಿಲನ್ನು ಅವಳು ಮತ್ತೆ ಹಾಕಲಿಲ್ಲ. ಅದು ಗೋಡೆಗೆ ಒರಗಿಕೊಂಡೇ ಇತ್ತು. ಬಂದವರೆಲ್ಲ ತಿರುಗುವ ಫ್ಯಾನನ್ನು ನೋಡುವರು. ಇದ್ಯಾಕೆ ಹೀಗೆ ಎಂದು ಕೇಳಿದರೆ ಪುತಳಾಬಾಯಿ ಮಗನ ಕಡೆ ನೋಡುವಳು, ಮಗ ಎದ್ದು ಹೊರಗೆ ಹೋಗುವನು. ಕೆಲವು ದಿನ ನೋಡಿ, ಒಂದು ಸಂಜೆ ಅವನು ಸ್ಕ್ರೂಡ್ರೈವರ್ ಹಿಡಿದು ಬಂದ. ದನಿ ಮೊದಲಿನಷ್ಟೇ ಮೆದುವಾಗಿತ್ತು.

"ಬಾಗಲಾ ಹಾಕ್ಲೇನು ರಾಧಿ? ತೆರದಿಟ್ರ ಒಳಗ ಧೂಳ ಹೋಗ್ತದ."

ರಾಧಿಕಾ ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು.

"ಧೂಳ ಹೋದ್ರ ನಾ ಒರಸ್ತೀನ್ರಿ. ನಿಮ್ಮ ಕೈ ಹೋಗಬಾರ್ದು."